ಮೂರು ಕೋಟುಗಳ ಬಡವ

ನಮ್ಮ ಅಪ್ಪನಿಗೆ ಸ್ವಂತದ್ದು ಅಂತ ಇದ್ದದ್ದು ಎರಡೇ ಅಂಗಿ. ಆದರೂ ಹಿಂದಿನ ಬೀದಿಯ ಜನ ಅಪ್ಪನನ್ನು ಒಂದೇ ಅಂಗಿಯಲ್ಲಿ ಎರಡು ಸಲ ನೋಡಿದ ದಾಖಲೆ ಇಲ್ಲ.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಅಪ್ಪ ಇಸ್ತ್ರಿ ಮಾಡುವವನು. ನಮ್ಮ ಮನೆಯ ಮುಂದೆ, ಮಹಡಿ ಮೆಟ್ಟಿಲಿನ ಕೆಳಗೆ ಒಂದು ಮೇಜು. ಮೇಜಿನ ಮೇಲೆ ನಾಲ್ಕು ಮಡಿಕೆಯ ಹಳೇ ಕಂಬಳಿ. ಕಂಬಳಿಯ ಮೇಲೆ ಇದ್ದಿಲ ಇಸ್ತ್ರಿ ಪೆಟ್ಟಿಗೆ. ಮೇಜಿನ ಹಿಂದಿನ ಗೋಡೆಗೆ ಒಂದು ಹಲಗೆ: ‘ಇಪ್ಪತ್ತೆರಡು ವರ್ಷ. ಒಂದು ನೂಲೂ ಸುಟ್ಟಿಲ್ಲ.’ ಬೀದಿಯ ಬಟ್ಟೆಯೆಲ್ಲ ಬೆಳಿಗ್ಗೆ ಮುದುಡಿಕೊಂಡು ಬಂದು ಸಂಜೆ ಗರಿಗರಿಯಾಗಿ ಮನೆಗೆ ಹೋಗುತ್ತದೆ. ಅದಕ್ಕೇ ಅಪ್ಪನಿಗೆ ಗರಿಗರಿಯಣ್ಣ ಎಂದು ಹೆಸರು. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಗಂಟು ಹೊತ್ತು ಮನೆಮನೆಗೆ ಬಟ್ಟೆ ಮುಟ್ಟಿಸುವುದು ನನ್ನ ಕೆಲಸ.

ಅಪ್ಪನದೊಂದು ಸಿದ್ಧಾಂತವಿತ್ತು. "ಬಟ್ಟೆ ಮಲಗಿದ್ದಾಗ ಎಲ್ಲಾ ಸಾಧುವೇ ಕಣಮ್ಮ. ಎದ್ದು ನಡೆದಾಗಲೇ ಅದರ ಬುದ್ಧಿ ಗೊತ್ತಾಗೋದು" ಎನ್ನುತ್ತಿದ್ದ. ಆದ್ದರಿಂದ ಯಾವುದಾದರೂ ಒಳ್ಳೆಯ ಬಟ್ಟೆ ಬಂದರೆ ಅದನ್ನು ಇಸ್ತ್ರಿ ಮಾಡಿ, ತಾನೇ ತೊಟ್ಟು, ಹಿಂದಿನ ಬೀದಿಯಲ್ಲಿ ಒಂದು ಸುತ್ತು ನಡೆದು, ಮಡಿಕೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಿ, ಮತ್ತೆ ಇಸ್ತ್ರಿ ಮಾಡಿ ಕಳಿಸುತ್ತಿದ್ದ. ಈ ಪರೀಕ್ಷೆ ನಮ್ಮ ಬೀದಿಯಲ್ಲಿ ಎಂದೂ ನಡೆಯುತ್ತಿರಲಿಲ್ಲ. ಬಟ್ಟೆಯ ಒಡೆಯರು ಇರುವುದು ನಮ್ಮ ಬೀದಿಯಲ್ಲಿ. ಇಲ್ಲಿ ಅಪ್ಪ ಯಾವಾಗಲೂ ಬನಿಯನ್ನಿನಲ್ಲಿ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅಮ್ಮ ಗೊಣಗುತ್ತಿದ್ದಳು.

"ಇದು ಶೋಕಿ ಅಲ್ಲ ಕಣೇ, ಕಸುಬು" ಎಂದು ಅಪ್ಪ ಕಾಲರ್ ನೇರ ಮಾಡಿಕೊಳ್ಳುತ್ತಿದ್ದ.

ಹಿಂದಿನ ಬೀದಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಅದರ ಯಜಮಾನ ಅಪ್ಪನನ್ನು ದೊಡ್ಡ ಕುಳ ಎಂದೇ ನಂಬಿ, "ತಮ್ಮಂಥವರ ಮುಖ ನಮ್ಮ ಗಾಜಿನಲ್ಲಿದ್ದರೆ ಅಂಗಡಿಗೇ ಒಂದು ಕಳೆ" ಎಂದು ಮೂರು ಸಲ ಕೂರಿಸಿ ಫೋಟೋ ತೆಗೆದಿದ್ದ. ದುಡ್ಡು ಕೇಳಲಿಲ್ಲ. ಮೇಲಾಗಿ ಒಂದೊಂದರಲ್ಲಿ ಎಂಟೆಂಟು ಸಣ್ಣ ಪ್ರತಿಗಳನ್ನು ಕಾಣಿಕೆಯಾಗಿ ಕೊಟ್ಟಿದ್ದ. ಒಂದರಲ್ಲಿ ಅಪ್ಪ ಔಷಧಿ ಅಂಗಡಿಯವರ ಬೂದು ಕೋಟಿನಲ್ಲಿ, ಇನ್ನೊಂದರಲ್ಲಿ ಬೇಕರಿಯವರ ನೀಲಿ ಕೋಟಿನಲ್ಲಿ, ಮತ್ತೊಂದರಲ್ಲಿ ವಕೀಲರ ಕರಿ ಕೋಟಿನಲ್ಲಿ. ಮೂರರಲ್ಲೂ ಅಪ್ಪ ಈಗ ತಾನೇ ಯಾರಿಗೋ ಸಾಲ ಮಂಜೂರು ಮಾಡಿದವನ ಹಾಗೆ ನಗುತ್ತಿದ್ದ.

ಎಲ್ಲ ಶುರುವಾದದ್ದು ಅಮ್ಮನ ಹೊಟ್ಟೆನೋವಿನಿಂದ. ಬಲ ಪಕ್ಕೆ ಹಿಡಿದುಕೊಂಡು ಬಕೆಟ್ ಬೋರಲು ಹಾಕಿ ಕೂತವಳು ಏಳಲಾಗದ ದಿನ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪಿತ್ತಕೋಶದಲ್ಲಿ ಮೂರು ಕಲ್ಲು. ಒಂದೊಂದೂ ಕೋಟಿನ ಗುಂಡಿಯಷ್ಟು ದಪ್ಪ ಎಂದರು ಡಾಕ್ಟರಮ್ಮ. ಇನ್ನು ತಡಮಾಡಿದರೆ ಜೀವಕ್ಕೇ ಅಪಾಯ.

"ಇಪ್ಪತ್ತೆರಡನೇ ತಾರೀಖು ಆಪರೇಷನ್. ಅಷ್ಟರಲ್ಲಿ ಆರೋಗ್ಯ ಕಾರ್ಡು ತಂದುಬಿಡಿ, ಒಂದು ಕಾಸೂ ಬೇಡ. ಕಾರ್ಡು ಇಲ್ಲದಿದ್ದರೆ ಅರವತ್ತು ಸಾವಿರ ಆಗುತ್ತೆ. ತಿಂಗಳಿಗೆ ಹದಿನೈದು ಸಾವಿರದ ಒಳಗೆ ಸಂಪಾದನೆ ಇರೋರಿಗೆ ಮಾತ್ರ ಕಾರ್ಡು. ನಿಮಗೆ ಸಿಗುತ್ತೆ."

ಅಪ್ಪನ ಮುಖ ಚಿಕ್ಕದಾಯಿತು. ಹೊರಗೆ ಬಂದವನೇ, "ನಮ್ಮದು ಹದಿನೈದರ ಒಳಗೇ ಅಂತ ಆ ಡಾಕ್ಟರಿಗೆ ಯಾರು ಹೇಳಿದ್ರು?" ಎಂದ.

"ನಾನು" ಎಂದಳು ಅಮ್ಮ. "ಹತ್ತು ಅಂದೆ. ಅದೂ ಇದ್ದಿಲ ಖರ್ಚು ಕಳೆಯದೆ."

"ಒಂದು ಹದಿನಾಲ್ಕೂಮುಕ್ಕಾಲು ಅಂದಿದ್ರೆ ಏನಾಗ್ತಿತ್ತೇ?"

ಅರ್ಜಿ ತುಂಬಿದವಳು ನಾನು. ಅಂಟಿಸಲು ಫೋಟೋ ಬೇಕೆಂದಾಗ ಅಪ್ಪ ಬೂದು ಕೋಟಿನದ್ದನ್ನು ಕೊಟ್ಟ. ಇದು ಬೇಡವೇನೋ ಎಂದೆ. ನನ್ನ ದನಿ ನನಗೇ ಕೇಳಿಸುವಷ್ಟು ದೊಡ್ಡದಲ್ಲ, ಅಪ್ಪನಿಗೆಲ್ಲಿ ಕೇಳಿಸಬೇಕು. "ಸರ್ಕಾರಕ್ಕೆ ಮುಖ ತೋರಿಸುವಾಗ ಮರ್ಯಾದೆಯಾಗಿ ತೋರಿಸಬೇಕು" ಎಂದು ತಾನೇ ಅಂಟಿಸಿದ.

ಕಚೇರಿಯಲ್ಲಿ ಕಾರ್ಡಿನ ಕೆಲಸ ನಡೆಯುವುದು ಒಂದು ಸಣ್ಣ ಕಿಟಕಿಯಲ್ಲಿ. ಕಿಟಕಿಯ ಒಳಗಿದ್ದ ಗುಮಾಸ್ತೆಯನ್ನು ಸಾಲಿನವರೆಲ್ಲ ಕಿಟಕಿಯಮ್ಮ ಎನ್ನುತ್ತಿದ್ದರು. ಆಕೆ ಅರ್ಜಿಯನ್ನು ಒಮ್ಮೆ, ಅಪ್ಪನನ್ನು ಒಮ್ಮೆ, ಮತ್ತೆ ಅರ್ಜಿಯನ್ನು ನೋಡಿ, "ಈ ಫೋಟೋ ಸರಿಯಿಲ್ಲ. ಬೇರೆ ತನ್ನಿ. ಮುಂದಿನವರು ಬನ್ನಿ" ಎಂದಳು. ಆದರೆ ಅರ್ಜಿಯನ್ನು ವಾಪಸ್ಸು ಕೊಡಲಿಲ್ಲ, ಒಳಗೇ ಇಟ್ಟುಕೊಂಡಳು.

ಸರಿಯಿಲ್ಲ ಎಂದರೆ ಏನು ಸರಿಯಿಲ್ಲ? ಅದನ್ನು ಹೇಳಿದರೆ ಕಿಟಕಿಯ ಗೌರವಕ್ಕೆ ಕುಂದು. ದಾರಿಯುದ್ದಕ್ಕೂ ಯೋಚಿಸಿ ಅಪ್ಪ ಒಂದು ತೀರ್ಮಾನಕ್ಕೆ ಬಂದ: ಬೂದು ಬಣ್ಣ ಮಂಕಾಯಿತು. ಮಾರನೆಯ ದಿನ ನೀಲಿ ಕೋಟಿನದ್ದನ್ನು ಒಯ್ದ. ಚಿನ್ನದ ಬಣ್ಣದ ಗುಂಡಿ, ಜೇಬಿನಲ್ಲಿ ಕರವಸ್ತ್ರ. ಕಿಟಕಿಯಮ್ಮ ಅದನ್ನೂ ಇಟ್ಟುಕೊಂಡು, "ಇದೂ ಸರಿಯಿಲ್ಲ" ಎಂದಳು.

ಆಗ ಅಪ್ಪನಿಗೆ ಮೊದಲ ಸಂಶಯ ಹುಟ್ಟಿತು. "ಆ ಹೆಂಗಸಿಗೆ ಕಾನೂನು ಗೊತ್ತಿರೋರನ್ನ ಕಂಡ್ರೆ ಮಾತ್ರ ಭಯ. ನೋಡ್ತಿರು" ಎಂದು ಮೂರನೆಯ ದಿನ ವಕೀಲರ ಕರಿ ಕೋಟಿನ ಫೋಟೋ ತೆಗೆದುಕೊಂಡು ಹೊರಟ.

ಕಿಟಕಿಯಮ್ಮ ಮೂರನ್ನೂ ಪಕ್ಕಪಕ್ಕಕ್ಕೆ ಜೋಡಿಸಿ ಇಟ್ಟಳು.

"ಈ ಮೂರು ಜನ ಯಾರು?"

"ಮೂರೂ ನಾನೇ ಮೇಡಂ."

"ಅರ್ಜಿದಾರರು ಒಬ್ಬರೇ ಇರಬೇಕು."

"ಒಬ್ಬನೇ ಮೇಡಂ! ಮೂರು ಸಲ ನಾನೊಬ್ಬನೇ."

"ಇಷ್ಟು ಕೋಟು ಇರೋರಿಗೆ ಹತ್ತು ಸಾವಿರದಲ್ಲಿ ಸಂಸಾರ ಹೇಗ್ರೀ ಸಾಗುತ್ತೆ?"

ಅವು ನನ್ನವಲ್ಲ, ಗಿರಾಕಿಗಳದ್ದು ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಸಾಲಿನಲ್ಲಿ ನಮ್ಮ ಹಿಂದೆಯೇ ನಿಂತಿದ್ದಾರೆ, ಔಷಧಿ ಅಂಗಡಿಯವರು! ಬೂದು ಕೋಟಿನ ಸಾಕ್ಷಾತ್ ಒಡೆಯರು! ಅಪ್ಪ ಕಿಟಕಿಯೊಳಗೆ ಕೈ ತೂರಿಸಿ ಮೂರು ಫೋಟೋಗಳ ಮೇಲೂ ಅಂಗೈ ಹರಡಿ ಮುಚ್ಚಿಬಿಟ್ಟ.

"ಓ! ಅಣ್ಣಾ, ನೀವಿಲ್ಲಿ?" ಎಂದ ಅಪ್ಪ.

ಔಷಧಿ ಅಂಗಡಿಯವರು ಕೈಲಿದ್ದ ಅರ್ಜಿಯನ್ನು ಬೆನ್ನ ಹಿಂದೆ ಸರಿಸಿದರು. "ನಾನಾ? ನಾನು... ಯಾರಿಗೋ ಜೊತೆ ಬಂದಿದ್ದೆ."

"ನಾನೂ ಯಾರಿಗೋ ಜೊತೆಗೇ."

ಇಬ್ಬರೂ ನಕ್ಕರು. ಇಬ್ಬರೂ ನಂಬಲಿಲ್ಲ.

"ಕೈ ತೆಗೀರಿ!" ಎಂದಳು ಕಿಟಕಿಯಮ್ಮ. "ಫೈಲು ತನಿಖೆಗೆ ಹೋಗುತ್ತೆ. ಸಾಹೇಬರು ಮನೆಗೆ ಬಂದು ನೋಡ್ತಾರೆ."

"ಯಾವತ್ತು ಬರ್ತಾರೆ ಮೇಡಂ?"

"ಹೇಳಿ ಬಂದ್ರೆ ಅದು ತನಿಖೆ ಅಲ್ಲ, ನೆಂಟಸ್ತನ. ಮುಂದಿನವರು ಬನ್ನಿ."

ಅಂದಿನಿಂದ ನಮ್ಮ ಮನೆಯಲ್ಲಿ ಸಂಶಯದ ಕಾಲ ಶುರುವಾಯಿತು. ಸಾಹೇಬರು ಯಾವ ವೇಷದಲ್ಲಿ ಬೇಕಾದರೂ ಬರಬಹುದು. ಅಪರಿಚಿತರು ಬೀದಿ ತಿರುಗಿದರೆ ಸಾಕು, ಅಪ್ಪ ಕೆನ್ನೆ ಒಳಕ್ಕೆ ಎಳೆದುಕೊಂಡು ನಿಲ್ಲುತ್ತಿದ್ದ.

ವಿದ್ಯುತ್ ಮೀಟರು ಓದುವವನು ಬಂದ. ಎಂದಿನವನಲ್ಲ, ಹೊಸಬ. ಅಪ್ಪ ಓಡಿಹೋಗಿ ಮನೆಯ ದೀಪ, ಫ್ಯಾನು ಎಲ್ಲ ಆರಿಸಿ ಬಂದ. "ನೋಡಿ ಸ್ವಾಮಿ, ಕತ್ತಲಲ್ಲೇ ಬದುಕ್ತೀವಿ. ದೀಪ ಹಾಕೋ ಯೋಗ್ಯತೆ ನಮಗೆಲ್ಲಿ?" ಎಂದ. ಆತ ಮೀಟರನ್ನು ನೋಡಿದ. ಬೆರಳಿನಿಂದ ಎರಡು ಸಲ ತಟ್ಟಿದ. ‘ಮೀಟರು ಓಡುತ್ತಿಲ್ಲ, ಕೆಟ್ಟಿದೆ’ ಎಂದು ಬರೆದು, ಹೊಸ ಮೀಟರಿಗೆ ಎರಡು ಸಾವಿರ ಕಟ್ಟಬೇಕೆಂಬ ಚೀಟಿ ಕೈಗಿತ್ತು ಹೋದ.

ಪೊರಕೆ ಮಾರುವ ಅಜ್ಜಿಯೊಬ್ಬಳು ಬಂದು ಜಗುಲಿಯಲ್ಲಿ ಕೂತು ನೀರು ಕೇಳಿದಳು. ನೀರು ಕುಡಿಯುತ್ತ, "ಮನೇಲಿ ಎಷ್ಟು ಜನ?" ಎಂದಳು. ಅಪ್ಪ ನನ್ನ ಕಡೆ ಕಣ್ಣು ಮಿಟುಕಿಸಿದ. ಆಮೇಲೆ ಅರ್ಧ ಗಂಟೆ ನಮ್ಮ ಬಡತನವನ್ನು ಎಷ್ಟು ಮನಮುಟ್ಟುವಂತೆ ಬಣ್ಣಿಸಿದನೆಂದರೆ, ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಪೊರಕೆಯನ್ನು ಪುಕ್ಕಟೆ ಕೊಟ್ಟುಹೋದಳು. ಸಾಹೇಬರಾಗಿದ್ದರೆ ಪೊರಕೆ ಕೊಡುತ್ತಿದ್ದರೇ ಎಂದು ಅಪ್ಪ ರಾತ್ರಿ ಊಟದ ತನಕ ಯೋಚಿಸಿದ.

ಹತ್ತೊಂಬತ್ತನೇ ತಾರೀಖಾಯಿತು. ಅಮ್ಮ ಈಗ ಗಂಜಿಯನ್ನೂ ಅರ್ಧಕ್ಕೆ ಬಿಡುತ್ತಿದ್ದಳು. ಅವತ್ತು ಅಮ್ಮನ ತಮ್ಮ, ನನ್ನ ಮಾವ, ಅಕ್ಕನನ್ನು ನೋಡಲು ಬಂದ. ಲೋಕದಲ್ಲಿ ಮಾವನಿಗೆ ಗೊತ್ತಿಲ್ಲದ ವಿಷಯವಿಲ್ಲ, ಆದರೆ ಅವನಿಗೊಂದು ಕೆಲಸವೂ ಇಲ್ಲ.

"ಭಾವ, ನೀವು ಮಾತಲ್ಲಿ ಬಡವ ಆದ್ರೆ ಸಾಲದು. ಬನಿಯನ್ ನೋಡಿ, ಹಾಲಿನ ಹಾಗಿದೆ! ಪಂಚೆಗೆ ಗಂಜಿ ಹಾಕಿದೀರಿ! ನಿಮ್ಮನ್ನ ನೋಡಿದ್ರೆ ಯಾರು ಕಾರ್ಡು ಕೊಡ್ತಾರೆ? ಏನಾದ್ರೂ ಹರಕು ಮುರುಕು ಹಾಕ್ಕೊಳ್ಳಿ."

ನಿಜವಾದ ತೊಂದರೆ ಅಲ್ಲಿತ್ತು. ಇಸ್ತ್ರಿಯವನ ಮನೆಯಲ್ಲಿ ಹರಕು ಬಟ್ಟೆ ಎಲ್ಲಿಂದ ಬರಬೇಕು? ಹರಿದದ್ದನ್ನೆಲ್ಲ ಅಮ್ಮ ಒರೆಸಲು ಕತ್ತರಿಸಿ ಹಾಕಿದ್ದಳು. ಅಪ್ಪ ಗಿರಾಕಿಗಳ ಗಂಟುಗಳನ್ನೇ ಬಿಚ್ಚಿ ಜಾಲಾಡಿದ. ಮಹಡಿ ಮನೆಯ ಅಳಿಯನ ಗಂಟಿನಲ್ಲಿ ಒಂದು ಜೀನ್ಸ್ ಪ್ಯಾಂಟು ಸಿಕ್ಕಿತು. ಎರಡು ಮಂಡಿಯೂ ಪೂರಾ ಹರಿದಿತ್ತು. ತೊಡೆಯ ಹತ್ತಿರ ನೂಲು ನೇತಾಡುತ್ತಿತ್ತು. ಬಣ್ಣ ಅಲ್ಲಲ್ಲಿ ಬೆಳ್ಳಗಾಗಿತ್ತು.

"ಪಾಪ" ಎಂದ ಅಪ್ಪ. "ಕಾರಿನಲ್ಲಿ ಓಡಾಡ್ತಾನೆ ಅಂತ ಹೊಟ್ಟೆಕಿಚ್ಚು ಪಡ್ತಿದ್ವಿ. ಒಳಗಿನ ಕಷ್ಟ ಯಾರಿಗೆ ಗೊತ್ತು?" ಎಂದು ಅದನ್ನು ಹಾಕಿಕೊಂಡು ಮೇಜಿನ ಮುಂದೆ ನಿಂತ.

ಮಾರನೆಯ ದಿನ ಸಂಜೆ ಐದರ ಹೊತ್ತಿಗೆ ಒಬ್ಬರು ಕೈಚೀಲ ಹಿಡಿದುಕೊಂಡು ಬಂದರು. ಕನ್ನಡಕ, ನರೆತ ಮೀಸೆ. ಚೀಲದಿಂದ ಒಂದು ತಿಳಿಹಸಿರು ಅಂಗಿ ತೆಗೆದು ಮೇಜಿನ ಮೇಲಿಟ್ಟು, "ಇದೊಂದು ಅರ್ಜೆಂಟ್ ಮಾಡಿಕೊಡ್ತೀರಾ?" ಎಂದರು.

ಅಂಗಿ ತಂದವನು ಗಿರಾಕಿ. ಗಿರಾಕಿಯ ಮೇಲೆ ಅಪ್ಪನಿಗೆ ಸಂಶಯವೇ ಬರಲಿಲ್ಲ. ನನಗೆ ಬಂತು. ತೊಟ್ಟು ಮುದುಡಿದ ಬಟ್ಟೆ ಬೇರೆ, ಕೈಯಲ್ಲಿ ಹಿಂಡಿ ಮುದುಡಿಸಿದ ಬಟ್ಟೆ ಬೇರೆ. ತೊಟ್ಟದ್ದು ಮೊಣಕೈ, ಕಂಕುಳು, ಸೊಂಟದಲ್ಲಿ ಮುದುಡುತ್ತದೆ. ಈ ಅಂಗಿಯ ಸುಕ್ಕೆಲ್ಲ ಎದೆಯ ನಡುವೆ ಮುಷ್ಟಿಯ ಆಕಾರದಲ್ಲಿತ್ತು. ತೋಳಿನಲ್ಲಿ ಹಳೆಯ ಇಸ್ತ್ರಿಯ ಗೆರೆ ಇನ್ನೂ ಹಾಗೇ ಇತ್ತು.

"ಅಪ್ಪಾ" ಎಂದೆ.

"ಸುಮ್ನಿರಮ್ಮ, ಗಿರಾಕಿ ಇದಾರೆ."

"ನೀವು ಬಹಳ ಬ್ಯುಸಿ ಅನ್ಸುತ್ತೆ" ಎಂದರು ಬಂದವರು.

ಹೊಸ ಗಿರಾಕಿಯ ಮುಂದೆ ಕೆಲಸವಿಲ್ಲ ಎಂದು ಯಾವ ಕಸುಬಿನವನು ಹೇಳುತ್ತಾನೆ? "ಬ್ಯುಸಿ ಅಂದ್ರೆ? ಉಸಿರಾಡೋಕೂ ಪುರುಸೊತ್ತಿಲ್ಲ ಸಾರ್."

"ದಿನಕ್ಕೆ ಎಷ್ಟು ಬಟ್ಟೆ ಆಗಬಹುದು?"

ದಿನಕ್ಕೆ ಆಗುವುದು ನಲವತ್ತು. "ನೂರೈವತ್ತು ಅಂದ್ಕೊಳ್ಳಿ" ಎಂದ ಅಪ್ಪ.

"ಒಂದಕ್ಕೆ?"

"ಹತ್ತು."

"ಹಾಗಾದ್ರೆ ದಿನಕ್ಕೆ ಸಾವಿರದ ಐನೂರು. ತಿಂಗಳಿಗೆ ನಲವತ್ತೈದು ಸಾವಿರ."

"ಅದಕ್ಕೇನು ಬಿಡಿ ಸಾರ್" ಎಂದ ಅಪ್ಪ ಉದಾರವಾಗಿ.

ಬಾಗಿಲ ಬಳಿ ಬಕೆಟ್ಟಿನ ಮೇಲೆ ಕೂತಿದ್ದ ಅಮ್ಮ ಕಣ್ಣು ಮುಚ್ಚಿಕೊಂಡಳು.

"ನಿಮ್ಮ ಪ್ಯಾಂಟು ಚೆನ್ನಾಗಿದೆ" ಎಂದರು ಬಂದವರು.

"ಅಯ್ಯೋ, ಈ ಹರಕಾ?"

"ಇಂಥದ್ದೇ ಒಂದಕ್ಕೆ ನನ್ನ ಮಗ ಮೂರು ದಿನ ಊಟ ಬಿಟ್ಟಿದ್ದ. ಆರೂವರೆ ಸಾವಿರ ಕೊಟ್ಟೆ. ಅದಕ್ಕೆ ಇಷ್ಟು ತೂತಿರಲಿಲ್ಲ. ತೂತು ಜಾಸ್ತಿ ಆದಷ್ಟೂ ಬೆಲೆ ಜಾಸ್ತಿಯಂತೆ" ಎಂದವರೇ ಕೈಚೀಲದಿಂದ ಒಂದು ಫೈಲು ತೆಗೆದರು. "ನಾನು ಆರೋಗ್ಯ ಕಾರ್ಡಿನ ಕಚೇರಿಯಿಂದ ಬಂದಿದೀನಿ. ತನಿಖೆಗೆ."

ಅಪ್ಪ ಇಂಗು ತಿಂದ ಮಂಗನಂತಾದ. ಎರಡು ಕೈಯಿಂದ ಎರಡು ಮಂಡಿ ಮುಚ್ಚಿಕೊಂಡ.

ಸಾಹೇಬರು ಮೂರು ಫೋಟೋಗಳನ್ನು ಇಸ್ತ್ರಿ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಈಗ ಈ ಕೋಟುಗಳ ವಿಷಯ ಹೇಳಿ."

ಕೆಟ್ಟ ಗಳಿಗೆ ಬಂದರೆ ಒಂಟಿಯಾಗಿ ಬರುವುದಿಲ್ಲ. ಮರುದಿನ ಬೇಕರಿಯವರ ಮಗಳ ಮದುವೆ. ಬೀದಿಯ ಕೋಟುಗಳೆಲ್ಲ ಇಸ್ತ್ರಿಗೆ ಬಂದು ಗೋಡೆಯ ಗೂಟಗಳಲ್ಲಿ ನೇತಾಡುತ್ತಿದ್ದವು. ಸಂಜೆ ಐದೂವರೆಗೆ ಬನ್ನಿ ಎಂದು ಅಪ್ಪನೇ ಎಲ್ಲರಿಗೂ ಹೇಳಿದ್ದ. ಐದೂವರೆಗೆ ಸರಿಯಾಗಿ ಬೇಕರಿಯವರು, ಔಷಧಿ ಅಂಗಡಿಯವರು, ವಕೀಲರು ಮೂವರೂ ಬಂದರು.

ಮೊದಲು ನೋಡಿದವರು ಬೇಕರಿಯವರು. "ಏಯ್, ಏನಿದು? ಇದು ನನ್ನ ಕೋಟು! ಒಳಗಿರೋನು ಮಾತ್ರ ನಾನಲ್ಲ!"

"ಬೂದು ನಂದು!" ಎಂದರು ಔಷಧಿ ಅಂಗಡಿಯವರು. "ನಾನು ಅದನ್ನ ಎರಡೇ ಸಲ ಹಾಕಿರೋದು. ಕಂಕುಳಲ್ಲಿ ಬೆವರಿನ ಕಲೆ ಹೇಗೆ ಬಂತು ಅಂತ ಹೆಂಡತಿ ನನ್ನ ಮೇಲೆ ಅನುಮಾನ ಪಟ್ಟಳಲ್ಲಯ್ಯಾ!"

ವಕೀಲರು ಕರಿ ಕೋಟಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. "ನನ್ನ ಕೋಟಿನಲ್ಲಿ ಇವನು ನನಗಿಂತ ವಕೀಲನ ಹಾಗೆ ಕಾಣ್ತಾನೆ. ಇದು ಮಾನಹಾನಿ."

"ಪರೀಕ್ಷೆ ಅಣ್ಣಾ, ಬರೀ ಪರೀಕ್ಷೆ" ಎಂದ ಅಪ್ಪ. "ಮಡಿಕೆ ಕೂತಿದೆಯಾ ಅಂತ..."

"ಫೋಟೋ ತೆಗೆಸಿಕೊಂಡು ಪರೀಕ್ಷೆ ಮಾಡ್ತಾರೇನಯ್ಯಾ?"

ಬೈಗುಳ ಏರಿದಷ್ಟೂ ಅಮ್ಮನ ಮುಖ ಅರಳಿತು. ನನಗೂ ಸಮಾಧಾನವಾಯಿತು. ಮೂವರು ಒಡೆಯರು ಬಾಯಿ ಬಿಟ್ಟು ಹೇಳುತ್ತಿದ್ದಾರೆ, ಕೋಟು ತಮ್ಮದು ಎಂದು. ಇನ್ನೇನು ಬೇಕು? ಸಾಹೇಬರೂ ತಲೆಯಾಡಿಸಿ ಪೆನ್ನು ತೆಗೆದರು.

"ಹಾಗಾದ್ರೆ ನೀಲಿ ಕೋಟು ನಿಮ್ಮದು. ಬರೆದುಕೊಡಿ. ಹೆಸರು, ಉದ್ಯೋಗ, ಕೋಟಿನ ಬೆಲೆ." ಬೇಕರಿಯವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಫೈಲಿನ ಕೆಳಗಿನಿಂದ ಒಂದು ಪಟ್ಟಿ ಎಳೆದರು. "ಬೇಕರಿ... ಈ ಬೀದೀನೇ ಅಲ್ವಾ? ನಿಮ್ಮದೂ ಒಂದು ಅರ್ಜಿ ಇದೆ. ತಿಂಗಳ ಸಂಪಾದನೆ ಒಂಬತ್ತು ಸಾವಿರ."

ಬೇಕರಿಯವರು ಗೂಟದಲ್ಲಿದ್ದ ಕೋಟಿನ ಮೇಲಿಟ್ಟಿದ್ದ ಕೈಯನ್ನು ಬಿಸಿ ತಟ್ಟಿದವರ ಹಾಗೆ ಹಿಂದಕ್ಕೆ ತೆಗೆದರು. ಬಗ್ಗಿ ಫೋಟೋವನ್ನು ಮತ್ತೆ ನೋಡಿದರು.

"ಸಾರ್, ಈಗ ನೋಡಿದ್ರೆ... ನನ್ನದು ಇಷ್ಟು ನೀಲಿ ಇರಲಿಲ್ಲ."

"ಬೂದು?"

"ಬೂದು ಬಣ್ಣದ ಕೋಟು ಊರ ತುಂಬ ಇರುತ್ತೆ ಸಾರ್" ಎಂದರು ಔಷಧಿ ಅಂಗಡಿಯವರು. "ಮಾತ್ರೆ ಮಾರೋನಿಗೆ ಕೋಟ್ಯಾಕೆ?"

"ವಕೀಲರೇ, ನೀವು?"

ವಕೀಲರಿಗೆ ಕಕ್ಷಿದಾರರು ಕಡಿಮೆ, ಎಚ್ಚರಿಕೆ ಜಾಸ್ತಿ. "ಆ ಕೋಟು ನನ್ನದೆಂದು ನಾನು ಒಪ್ಪುವುದೂ ಇಲ್ಲ, ನಿರಾಕರಿಸುವುದೂ ಇಲ್ಲ."

"ಅಂದ್ರೆ ನೀವೂ ಅರ್ಜಿ ಹಾಕಿದೀರಿ."

"ಅದನ್ನೂ."

ಮೂವರೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡರು. ಇಷ್ಟು ವರ್ಷ ಒಬ್ಬರಿಗಿಂತ ಒಬ್ಬರು ಮೇಲು ಎಂದು ಬದುಕಿದ ಬೀದಿಯಲ್ಲಿ, ಕಾಗದದ ಮೇಲೆ ನಮಗಿಂತ ಬಡವರೇ ಎಲ್ಲರೂ ಎಂದು ಅವತ್ತು ತಿಳಿಯಿತು.

ಸಾಹೇಬರು ಉಸಿರುಬಿಟ್ಟು ಅಪ್ಪನ ಕಡೆ ತಿರುಗಿದರು. "ಯಾರದೂ ಅಲ್ಲ ಅಂದ ಮೇಲೆ ಕೋಟುಗಳು ನಿಮ್ಮವೇ. ಪ್ಯಾಂಟು ಆರೂವರೆ ಸಾವಿರದ್ದು. ಸಂಪಾದನೆ ನಲವತ್ತೈದು, ನಿಮ್ಮ ಬಾಯಲ್ಲೇ ಬಂದದ್ದು. ಅರ್ಜಿ ತಿರಸ್ಕಾರ ಅಂತ ಬರೀತೀನಿ. ತಪ್ಪು ತಿಳ್ಕೋಬೇಡಿ."

ಪೆನ್ನು ಕಾಗದಕ್ಕೆ ತಾಗಿತು. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. "ಅಣ್ಣಾ, ಒಂದು ಮಾತು ಹೇಳಿ... ನಾಡಿದ್ದು ಅವಳ ಆಪರೇಷನ್ನು..." ಮೂವರೂ ಮೆಟ್ಟಿಲ ಕಡೆ ನೋಡುತ್ತಿದ್ದರು. ಮೆಟ್ಟಿಲಲ್ಲಿ ಏನೂ ಇರಲಿಲ್ಲ.

ಆಗ ಅಮ್ಮ ಪಕ್ಕೆ ಹಿಡಿದುಕೊಂಡು ಎದ್ದಳು. ಗೂಟದಿಂದ ಬೂದು ಕೋಟನ್ನು ತೆಗೆದು ಮೇಜಿನ ಮೇಲೆ, ಬೆನ್ನು ಮೇಲಾಗಿ ಹರಡಿದಳು.

"ಸಾರ್, ಇದು ನಮ್ಮದೇ ಅಂತ ಆಯ್ತಲ್ಲ?"

"ಆಯ್ತಮ್ಮ."

"ನಮ್ಮದನ್ನ ನಾವು ಏನು ಮಾಡಿದ್ರೂ ಯಾರೂ ಕೇಳಂಗಿಲ್ಲ ಅಲ್ವಾ?"

"ಯಾರು ಕೇಳ್ತಾರೆ?"

"ರೀ" ಎಂದಳು ಅಮ್ಮ ಅಪ್ಪನ ಕಡೆ ತಿರುಗಿ. "ಪೆಟ್ಟಿಗೆ ಕೆಂಪಗೆ ಕಾದಿದೆ. ಇದರ ಮೇಲಿಡಿ. ಇಟ್ಟು ತೆಗೀಬೇಡಿ."

ಬೇರೆ ಯಾರಿಗಾದರೂ ಇದು ಸಣ್ಣ ಕೆಲಸ. ಅಪ್ಪನ ಕಣ್ಣು ಗೋಡೆಯ ಹಲಗೆಯ ಮೇಲೆ ಹೋಯಿತು. ‘ಒಂದು ನೂಲೂ ಸುಟ್ಟಿಲ್ಲ.’ ಪೆಟ್ಟಿಗೆ ಎತ್ತಿದ. ಒಮ್ಮೆ ಅಮ್ಮನನ್ನು ನೋಡಿದ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಪೆಟ್ಟಿಗೆಯನ್ನು ಇಳಿಸತೊಡಗಿದ. ಒಂದು ಗೇಣು. ನಾಲ್ಕು ಬೆರಳು. ಎರಡು ಬೆರಳು. ಉಣ್ಣೆಯ ಬಿಸಿ ವಾಸನೆ ಎದ್ದಿತು.

"ಅಯ್ಯಯ್ಯೋ ನನ್ನ ಕೋಟು!" ಔಷಧಿ ಅಂಗಡಿಯವರು ಮೇಜಿನ ಮೇಲೆ ಬಿದ್ದು ಕೋಟನ್ನು ತಬ್ಬಿಕೊಂಡರು. "ನಂದು ಸಾರ್, ನಂದೇ! ಎಂಟು ಸಾವಿರ! ಒಳಜೇಬಲ್ಲಿ ನನ್ನ ಹೆಸರು ಹೊಲಿಸಿದೆ!"

ಅಮ್ಮ ನೀಲಿ ಕೋಟಿನ ಕಡೆ ಕೈ ಚಾಚಿದಳು. ಅವಳ ಕೈ ಗೂಟ ಮುಟ್ಟುವ ಮೊದಲೇ ಬೇಕರಿಯವರು, "ಬರ್ಕೊಳ್ಳಿ ಸಾರ್, ನಾಳೆ ಮಗಳ ಮದುವೆ" ಎಂದು ಕೋಟನ್ನು ಕಿತ್ತುಕೊಂಡರು. ವಕೀಲರು, "ನನ್ನ ಎಲ್ಲಾ ಹಕ್ಕುಗಳನ್ನು ಕಾದಿರಿಸಿಕೊಂಡು" ಎಂದು ಶುರುಮಾಡಿ, ಅಮ್ಮ ತಿರುಗಿ ನೋಡಿದ ಕೂಡಲೇ, "ನಂದು" ಎಂದು ಮುಗಿಸಿದರು. ಈ ಗಲಾಟೆಗೆ ಮಹಡಿಯಿಂದ ಇಳಿದು ಬಂದ ಅಳಿಯ ಅಪ್ಪನ ಕಾಲುಗಳನ್ನು ಕಂಡು ಚೀರಿದ್ದರಿಂದ ಪ್ಯಾಂಟಿನ ವಿಷಯವೂ ತನಗೆ ತಾನೇ ಇತ್ಯರ್ಥವಾಯಿತು.

ಎಲ್ಲರೂ ಸಾಲಾಗಿ ನಿಂತು ಬರೆದುಕೊಟ್ಟರು. ಸಹಿ ಹಾಕುವಾಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೆಗಲ ಮೇಲಿಂದ ಇಣುಕಿ ನೋಡಿದರು. ವಕೀಲರು ಕೊನೆಯ ಸಹಿ ಹಾಕುತ್ತಿದ್ದಾಗ ನನ್ನ ಮೂಗಿಗೆ ಏನೋ ಸುಟ್ಟ ವಾಸನೆ ಬಡಿಯಿತು. ಇದು ಉಣ್ಣೆಯದಲ್ಲ, ಹತ್ತಿಯದು.

ಬದುಕಿದೆಯಾ ಬಡಜೀವವೇ ಎಂದು ಅಪ್ಪ ಪೆಟ್ಟಿಗೆಯನ್ನು ಕೈಗೆ ಸಿಕ್ಕಲ್ಲಿ ಇಟ್ಟಿದ್ದ. ಸಿಕ್ಕಿದ್ದು, ಇಸ್ತ್ರಿಗೆಂದು ಗುಂಡಿ ಬಿಚ್ಚಿ ಹರಡಿದ್ದ ಸಾಹೇಬರ ತಿಳಿಹಸಿರು ಅಂಗಿ.

ಎತ್ತಿ ಹಿಡಿದರೆ ಬೆನ್ನಿನ ನಟ್ಟನಡುವೆ ಇಸ್ತ್ರಿ ಪೆಟ್ಟಿಗೆಯ ಆಕಾರದ ತೂತು. ಅದರೊಳಗಿಂದ ಗೋಡೆಯ ಹಲಗೆ ಸೊಗಸಾಗಿ ಕಾಣಿಸುತ್ತಿತ್ತು.

ಸಾಹೇಬರು ತೂತನ್ನು ನೋಡಿದರು. ಹಲಗೆಯನ್ನು ಓದಿದರು. "ಸಾವಿರದ ಇನ್ನೂರರ ಅಂಗಿ" ಎಂದರು. "ಕೊಡ್ತೀರಾ?"

ಅಪ್ಪನ ಎದೆ ಉಬ್ಬಿತು. ಆ ಉಬ್ಬು ನನಗೆ ಚೆನ್ನಾಗಿ ಗೊತ್ತು. ಅದರ ಹಿಂದೆಯೇ ‘ಸಾವಿರದ ಇನ್ನೂರು ಏನು ಮಹಾ, ಎರಡು ಸಾವಿರ ಇಟ್ಕೊಳ್ಳಿ’ ಎಂಬ ಮಾತು ಹೊರಡುತ್ತದೆ. ಬೀದಿಯ ಜನರೆಲ್ಲ ನೋಡುತ್ತಿದ್ದಾರೆ. ಸಾಹೇಬರ ಪೆನ್ನು ಇನ್ನೂ ತೆರೆದೇ ಇದೆ. ನಾನು ಅಪ್ಪನ ಬನಿಯನ್ನಿನ ತುದಿ ಹಿಡಿದುಕೊಂಡೆ. ಅಮ್ಮ ಬಕೆಟ್ಟಿನ ಮೇಲೆ ಕುಸಿದು ಕೂತಿದ್ದಳು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಅಪ್ಪನ ಎದೆ ನಿಧಾನವಾಗಿ ಇಳಿಯಿತು.

"ಇಲ್ಲ ಸಾರ್" ಎಂದ. "ನನ್ನ ಹತ್ರ ಇಲ್ಲ."

ನಮ್ಮ ಬೀದಿಯಾಗಲಿ ಹಿಂದಿನ ಬೀದಿಯಾಗಲಿ ಆ ಮಾತನ್ನು ಅಪ್ಪನ ಬಾಯಲ್ಲಿ ಕೇಳಿದ್ದಿಲ್ಲ. ಬೇಕರಿಯವರು ತಲೆ ತಗ್ಗಿಸಿದರು.

ಸಾಹೇಬರು ಬರೆಯತೊಡಗಿದರು. ಬರೆದು ಮುಗಿಸಿ ಫೈಲು ಮುಚ್ಚಿ, "ಇಷ್ಟು ದಪ್ಪ ಫೈಲಿನಲ್ಲಿ ಇಲ್ಲದೇ ಇದ್ದದ್ದು ಇದೊಂದೇ ಮಾತು" ಎಂದರು. "ನಾಳೆ ಬೆಳಿಗ್ಗೆ ಕಿಟಕಿಗೆ ಬನ್ನಿ, ಕಾರ್ಡು ತಗೊಳ್ಳಿ. ಹೊಸ ಫೋಟೋ ಬೇಕು. ಕೋಟು ಬೇಡ. ನಿಮ್ಮ ಸ್ವಂತ ಬಟ್ಟೆ." ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಅಂಗಿ ನೀವೇ ಇಟ್ಕೊಳ್ಳಿ. ನನ್ನ ಹೆಂಡತಿಗೆ ತೋರಿಸೋ ಧೈರ್ಯ ನನಗಿಲ್ಲ."

ಅಪ್ಪ ಅಂದೇ ಹಲಗೆಯನ್ನು ಇಳಿಸಿ, ‘ಒಂದು ನೂಲೂ’ ಎಂಬುದನ್ನು ಒರೆಸಿ ‘ಒಂದರ ಹೊರತು ಏನೂ’ ಎಂದು ನನ್ನ ಕೈಯಲ್ಲಿ ಬರೆಸಿದ.

ಮಾರನೆಯ ಬೆಳಿಗ್ಗೆ ಅಪ್ಪ ಹೊಸ ಫೋಟೋವನ್ನು ಕಿಟಕಿಯೊಳಗೆ ಸರಿಸಿದ. ಅಮ್ಮ ನನ್ನ ಹೆಗಲಿಗೆ ಒರಗಿ ನಿಂತಿದ್ದಳು. ಕಿಟಕಿಯಮ್ಮ ಫೋಟೋ ನೋಡಿದಳು. ತಿಳಿಹಸಿರು ಅಂಗಿ, ಗರಿಗರಿ ಕಾಲರು, ಒಂದು ಸುಕ್ಕಿಲ್ಲ. ತಲೆ ಎತ್ತಿ ಅಪ್ಪನ ಮೈಮೇಲಿದ್ದ ಅದೇ ಅಂಗಿಯನ್ನು ನೋಡಿದಳು. ಮೊಹರನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಇಷ್ಟು ಒಳ್ಳೆ ಅಂಗಿ! ಮತ್ತೆ ಯಾರದ್ರೀ ಇದು?"

ಅಪ್ಪ ನಿಧಾನವಾಗಿ ತಿರುಗಿ ಆಕೆಗೆ ಬೆನ್ನು ಕೊಟ್ಟು ನಿಂತ.

ಕಿಟಕಿಯೊಳಗೆ ಮೊಹರು ಬಿದ್ದ ಸದ್ದಾಯಿತು.